ಗೇಟಿನ ಹೊರಗೆ ಕೂತ ಗಂಡ

ಉಡುಪಿ ಕಡೆಯ ಓದುಗರೊಬ್ಬರ ಪತ್ರ ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. ಹೊಟ್ಟೆಯಲ್ಲಿರುವ ಮಕ್ಕಳ ಜೀವ ಉಳಿಸುವ ಸೇವೆಗೆ ಅವರ ಚರ್ಚಿನಲ್ಲಿ ಒಂದು ಗುಂಪಿದೆ. ಒಂಬತ್ತು ಜನ, ಎಲ್ಲರೂ ಹೆಂಗಸರು. ಹಬ್ಬಕ್ಕೆ ಚಪ್ಪರ ಹಾಕಲು ಓಡಿ ಬರುವ ಗಂಡಸರು ಇದಕ್ಕೆ ಬರುವುದಿಲ್ಲ. ಇವರ ಗಂಡ ಕೂಡ ಸ್ಕೂಟರಿನಲ್ಲಿ ತಂದು ಬಿಟ್ಟು, ಸಭೆ ಮುಗಿಯುವವರೆಗೆ ಗೇಟಿನ ಹೊರಗೇ ಕೂತಿರುತ್ತಾರೆ. "ಇವರದ್ದು ಕಲ್ಲು ಮನಸ್ಸು. ಹೇಗೆ ಒಳಗೆ ಕರೆತರಲಿ?" ಎಂದು ಕೇಳಿದ್ದಾರೆ.

ಅಕ್ಕಾ, ಪತ್ರದ ಕೊನೆಯಲ್ಲಿ ನೀವೊಂದು ಸಾಲು ಬರೆದಿದ್ದೀರಿ. "ಆರು ವರ್ಷದ ಹಿಂದೆ ಐದನೇ ತಿಂಗಳಲ್ಲಿ ನಮ್ಮದೊಂದು ಮಗು ಹೋಯಿತು, ಆಗ ಎಲ್ಲ ಇವರೇ ನೋಡಿಕೊಂಡರು." ಅಷ್ಟೇ. ಎಲ್ಲ ಅಂದರೆ ಏನೇನು? ಯಾವತ್ತಾದರೂ ಕೇಳಿದ್ದೀರಾ?

ನನ್ನ ತಮ್ಮನಿಗೂ ಹೀಗೇ ಆಗಿತ್ತು. ನರ್ಸ್ ಬಿಳಿ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. ಅಂಗೈಗಿಂತ ಸ್ವಲ್ಪ ದೊಡ್ಡದು. ಎದೆಗೆ ಒತ್ತಿಕೊಂಡು ರಿಕ್ಷಾ ಹತ್ತಿದವನು ಡ್ರೈವರಿಗೆ, "ನಿಧಾನ ಹೋಗಿ, ಮಗು ಇದೆ" ಅಂದನಂತೆ. ಇದನ್ನು ಅವನು ಬಾಯಿಬಿಟ್ಟು ಹೇಳಿದ್ದು ಹತ್ತು ವರ್ಷದ ನಂತರ. ಅತ್ತಿಲ್ಲ ಅಂದರೆ ನೋವಿಲ್ಲ ಅಂತಲ್ಲ. ಇದನ್ನು ನಾನು ಎಷ್ಟು ಸಲ ಬರೆದೆನೋ!

ನಿಮ್ಮ ಸಭೆಯಲ್ಲಿ ತಿಂಗಳು ತಿಂಗಳಿನ ಮಗುವಿನ ಚಿತ್ರ ಗೋಡೆ ಮೇಲೆ ತೋರಿಸುತ್ತೀರಿ. ಐದನೇ ತಿಂಗಳು ಬಂದಾಗ ಅವರು ಅಲ್ಲಿ ಹೇಗೆ ಕೂರಬೇಕು ಹೇಳಿ?

ನನಗೆ ಸಿಟ್ಟು ಬಂದಿದ್ದು ನಿಮ್ಮ ಗುಂಪಿನ ಮುಖ್ಯಸ್ಥೆಯ ಮೇಲೆ. ಪೂಜೆ ಮುಗಿದ ಮೇಲೆ ಮೈಕ್ ಹಿಡಿದು "ಗಂಡಸರಿಗೆ ಹೊಣೆಯೇ ಇಲ್ಲ" ಅಂದರಂತೆ. ಬೈದು ಯಾರನ್ನು ಸೇವೆಗೆ ತರೋಕಾಗುತ್ತದೆ? ಕೆಲಸ ಕೊಡಿ, ಬರುತ್ತಾರೆ. 1971ರ ಗರ್ಭಪಾತ ಕಾಯಿದೆ ಪ್ರಕಾರ ಗಂಡನ ಒಪ್ಪಿಗೆ ಬೇಕಿಲ್ಲ, 18 ತುಂಬಿದ ಹೆಂಗಸಿನದೊಂದೇ ಸಾಕು. ಆದರೆ ಅವಳು ಆಸ್ಪತ್ರೆ ಬಾಗಿಲಿಗೆ ಹೋಗುವ ಹೊತ್ತಿಗೆ ಎಷ್ಟೋ ಸಲ ಒಬ್ಬ ಗಂಡಸು ಕೈಬಿಟ್ಟಿರುತ್ತಾನೆ. ಆ ಹುಡುಗನ ಪಕ್ಕ ಕೂತು ಮಾತಾಡಲು, ಅವನಿಗೊಂದು ಕೆಲಸ, ಬಾಡಿಗೆ ಮನೆ ಹುಡುಕಲು ಇನ್ನೊಬ್ಬ ಗಂಡಸೇ ಬೇಕು.

ಇಟಲಿಯ ಡಾಕ್ಟರಾಗಿದ್ದ ಸಂತ ಜಿಯಾನ್ನಾ ಮೊಲ್ಲಾ ನಿಮಗೆ ಗೊತ್ತೇ ಇರುತ್ತಾರೆ. ಬಸುರಿಯಾಗಿದ್ದಾಗ ಗರ್ಭಕೋಶದಲ್ಲಿ ಗಡ್ಡೆ ಕಂಡರೂ ಮಗುವನ್ನು ಉಳಿಸಿ ಎಂದು ಹಟ ಹಿಡಿದರು, ಹೆತ್ತ ಒಂದು ವಾರಕ್ಕೆ, 1962ರ ಏಪ್ರಿಲ್ 28ರಂದು ತೀರಿಕೊಂಡರು. ಆದರೆ ಆ ಹಸುಗೂಸನ್ನೂ ಇನ್ನು ಮೂರು ಮಕ್ಕಳನ್ನೂ ನೋಡಿಕೊಂಡವರು ಯಾರು? ಗಂಡ ಪಿಯೆತ್ರೊ. 2004ರಲ್ಲಿ ಹೆಂಡತಿಯನ್ನು ಸಂತರೆಂದು ಘೋಷಿಸುವಾಗ 91ರ ಆ ಮುದುಕ ರೋಮಿನಲ್ಲಿ ಕೂತು ನೋಡುತ್ತಿದ್ದರು. ಅವರ ಹೆಸರು ನಮ್ಮ ಯಾವ ಸಭೆಯಲ್ಲೂ ನಾನು ಕೇಳಿಲ್ಲ.

ನೀವು ಮಾಡಬೇಕಾದ್ದು ಒಂದೇ. ಸದ್ಯಕ್ಕೆ ಗುಂಪಿನ ಮಾತು ಬೇಡ. ನವೆಂಬರ್ 2ಕ್ಕೆ, ಸತ್ತವರ ದಿನ, ಸಿಮೆಟ್ರಿಗೆ ಹೋಗುತ್ತೀರಲ್ವಾ? ಹೊರಡುವ ಮೊದಲು ಒಂದು ಮೊಂಬತ್ತಿ ಜಾಸ್ತಿ ತಗೊಳ್ಳಿ. "ನಮ್ಮ ಮಗುವನ್ನು ಎಲ್ಲಿ ಮಲಗಿಸಿದಿರಿ, ತೋರಿಸಿ" ಅನ್ನಿ. ಆಮೇಲೆ ಅವರು ಹೇಳುವುದನ್ನು ಸುಮ್ನೆ ಕೇಳಿ.