ಪಿಯುಸಿ ಆಯಿತು, ಹೈದರಾಬಾದ್‌ಗೆ ಕೆಲಸಕ್ಕೆ ಹೋಗಲಾ, ಡಿಗ್ರಿ ಸೇರಲಾ?

ತಮ್ಮಾ, ನೀನು ಬರೆದಿದ್ದು ಇಷ್ಟು: ಯಾದಗಿರಿ ಹತ್ತಿರ ಹಳ್ಳಿ, ಪಿಯುಸಿ ಕಾಮರ್ಸ್ ಪಾಸಾಗಿದೆ, ಹೈದರಾಬಾದ್‌ನ ಗೋಡೌನ್ ಒಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ತಿಂಗಳಿಗೆ 15,000 ಕೊಡ್ತಾರೆ, ಅಪ್ಪ ಮಾತ್ರ ಬಿ.ಕಾಂ. ಸೇರು ಅಂತಿದ್ದಾರೆ. ಒಂದು ವರ್ಷ ದುಡಿದು ಆಮೇಲೆ ಕಾಲೇಜು ಸೇರಿದರೆ ಆಗಲ್ವಾ ಅಂತ ಕೇಳಿದ್ದೀಯ. ಆ ಒಂದು ವರ್ಷದ ಬಗ್ಗೆಯೇ ನನಗೆ ಹೇಳೋದಿದೆ. ನನ್ನದು ನಾಲ್ಕು ವರ್ಷ ಆಯಿತು.

2015ರಲ್ಲಿ ಪಿಯುಸಿ ಮುಗಿಸಿ ಕಲಬುರಗಿಯ ಒಂದು ದಾಲ್‌ಮಿಲ್ ಸೇರಿದೆ. ಮನೆಯಲ್ಲಿ ಸಾಲ ಇತ್ತು. ನನ್ನ ಕೆಲಸ ಕಾಟಾ, ಅಂದ್ರೆ ತೂಕದ ಯಂತ್ರದ ಹತ್ತಿರ. ತೊಗರಿ ಲಾರಿ ಬಂದರೆ ತೂಕದ ಚೀಟಿ ಬರೆಯೋದು, ಚೀಲ ಎಣಿಸೋದು, ಬೇಳೆ ಎಷ್ಟು, ಚುನ್ನಿ (ಬೇಳೆಯ ನುಚ್ಚು) ಎಷ್ಟು, ಹೊಟ್ಟು ಎಷ್ಟು ಅಂತ ಸಂಜೆ ಮುನೀಮರಿಗೆ ಲೆಕ್ಕ ಒಪ್ಪಿಸೋದು. ಜನವರಿಯಲ್ಲಿ ಹೊಸ ತೊಗರಿ ಬರುವಾಗ ಊಟಕ್ಕೂ ಪುರುಸೊತ್ತು ಇರುತ್ತಿರಲಿಲ್ಲ. ಆದರೂ ಖುಷಿ ಇತ್ತು, ಯಾಕಂದ್ರೆ ಡಿಗ್ರಿ ಸೇರಿದ ಗೆಳೆಯರು ಬಸ್ ಚಾರ್ಜಿಗೆ ನನ್ನ ಹತ್ತಿರ ಕೈಗಡ ಕೇಳುತ್ತಿದ್ದರು.

ಮಳೆಗಾಲದಲ್ಲಿ ಮಾಲು ಕಡಿಮೆಯಾದಾಗ ಅರ್ಧ ಜನರನ್ನು ಮನೆಗೆ ಕಳಿಸಿದರು. ನಾನು ಉಳಿದೆ. ಮೂರನೇ ವರ್ಷ ಒಂದು ದಿನ ಪಗಾರದ ವಹಿ ನನ್ನ ಕೈಗೆ ಬಂತು. ನನ್ನ ಪಕ್ಕದಲ್ಲೇ ಅದೇ ಕೆಲಸ ಮಾಡುವ ಕಾಕಾ ಅಲ್ಲಿ 14 ವರ್ಷದಿಂದ ಇದ್ದರು. ಅವರ ಪಗಾರ ನನಗಿಂತ 2,500 ರೂಪಾಯಿ ಜಾಸ್ತಿ, ಅಷ್ಟೇ. ಅವರ ಹೆಸರಿನ ಮುಂದಿನ ಸಹಿ ನೋಡುತ್ತಾ ಸುಮಾರು ಹೊತ್ತು ಕೂತಿದ್ದೆ.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ ಅಲ್ವಾ, 2013ರಿಂದ ಜಾರಿಯಲ್ಲಿದೆ. ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ ಗ್ರೂಪ್ ಸಿ ಆದರೆ ಶೇ 80, ಗ್ರೂಪ್ ಡಿ ಆದರೆ ಶೇ 85 ಸ್ಥಳೀಯರಿಗೇ. ಆದರೆ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪಿಯುಸಿ ಸಾಕು, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುದ್ದೆಗೆ ಡಿಗ್ರಿ ಬೇಕೇ ಬೇಕು. ಎಫ್‌ಡಿಎಗೆ ಅರ್ಜಿ ಕರೆದಾಗ ನನ್ನ ಹತ್ತಿರ 371ಜೆ ಪ್ರಮಾಣಪತ್ರ ಇತ್ತು, ಡಿಗ್ರಿ ಇರಲಿಲ್ಲ. ನನ್ನ ಜೊತೆ ಓದಿದವನು ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತು ಅವನ ಫೋಟೋ ಅಪ್‌ಲೋಡ್ ಮಾಡಿಕೊಟ್ಟೆ.

2019ರಲ್ಲಿ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಬಿ.ಕಾಂ. ಕಟ್ಟಿದೆ, ಅದರ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ. ಮಿಲ್ ಬಿಟ್ಟು ಆಡಿಟರ್ ಆಫೀಸ್ ಒಂದರಲ್ಲಿ ಕಡಿಮೆ ಪಗಾರಕ್ಕೆ ಸೇರಿ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ಕಲಿತೆ. ಈಗ ಅದೇ ನನ್ನ ಅನ್ನ. ಕೆಲಸ ಮುಗಿಸಿ ಬಂದು ಓದೋದು ಬಹಳ ಕಷ್ಟ, ಪುಸ್ತಕ ಎದೆ ಮೇಲೆ ಇಟ್ಟುಕೊಂಡೇ ನಿದ್ದೆ ಹೋದ ದಿನಗಳೇ ಜಾಸ್ತಿ.

ಅದಕ್ಕೆ ನನ್ನ ಮಾತು: ಮನೆ ಹೇಗೋ ನಡೆಯುತ್ತೆ ಅಂದ್ರೆ ಅಪ್ಪನ ಮಾತು ಕೇಳು, ಈ ವರ್ಷವೇ ಕಾಲೇಜು ಸೇರು. ಯಾದಗಿರಿಯಲ್ಲಾಗಲಿ ಕಲಬುರಗಿಯಲ್ಲಾಗಲಿ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ಲಿಗೆ, ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ಪಿಗೆ ತಪ್ಪದೆ ಅರ್ಜಿ ಹಾಕು. ದುಡಿಯಲೇಬೇಕು ಅಂದ್ರೆ ದುಡಿ, ಅದರಲ್ಲಿ ನಾಚಿಕೆ ಏನಿಲ್ಲ, ಆದರೆ ಮುಕ್ತ ವಿವಿಯಲ್ಲಿ ಹೆಸರು ಹಚ್ಚಿಸಿಯೇ ಕೆಲಸಕ್ಕೆ ಹೋಗು. ಹೈದರಾಬಾದ್ ಬೇಡ. ಪರೀಕ್ಷೆಗೆ ಅಂತ ರಜೆ ಕೇಳಿದರೆ ಅಲ್ಲಿ ಕೊಡ್ತಾರೋ ಇಲ್ಲವೋ. ಇಲ್ಲೇ 9,000 ಸಿಕ್ಕರೂ ಲೆಕ್ಕಪತ್ರ ಕಲಿಸುವ ಜಾಗ ಹುಡುಕು.

ಮನೆಯಲ್ಲಿ ಸಾಲ ಎಷ್ಟಿದೆ, ಬ್ಯಾಂಕಿನದಾ ಬಡ್ಡಿಯವರದಾ, ಅದನ್ನು ನೀನು ಬರೆದಿಲ್ಲ. ಬಡ್ಡಿಯವರದಾದರೆ ಲೆಕ್ಕವೇ ಬೇರೆ. ಅದನ್ನೂ ಬರಿ, ನೋಡೋಣ.