ಮೊದಲು ಮಂಡಿಯೂರಿ, ಆಮೇಲೆ ಸ್ಕೆಚ್

ಪ್ರಶ್ನೆ: ನಾನು ವಿನ್ಯಾಸದ ವಿದ್ಯಾರ್ಥಿನಿ. ಪ್ರಾಥಮಿಕ ಶಾಲೆಗೊಂದು ಕುಡಿಯುವ ನೀರಿನ ಕಟ್ಟೆ ವಿನ್ಯಾಸ ಮಾಡಬೇಕು. 30 ಸ್ಕೆಚ್ ಹಾಕಿದ್ದೇನೆ, ಎಲ್ಲವೂ ಒಂದೇ ಸ್ಟೀಲ್ ತೊಟ್ಟಿಯ ಅಣ್ಣತಮ್ಮಂದಿರ ಹಾಗಿವೆ. ‘ದೃಷ್ಟಿಕೋನ ಬದಲಿಸು’ ಅಂತಾರೆ ಮೇಷ್ಟ್ರು. ಬದಲಿಸೋದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ಮೇಷ್ಟ್ರು ಹೇಳಿದ್ದು ಸರಿ. ಆದರೆ ಮೇಜಿನ ಮುಂದೆ ಕೂತು ಎಷ್ಟು ತಲೆ ಕೆರೆದುಕೊಂಡರೂ ಅದು ಬದಲಾಗದು. ಕಟ್ಟೆಯ ಮುಂದೆ ಹೋಗಿ ಮಂಡಿಯೂರಿ. ಒಂದನೇ ತರಗತಿ ಮಗುವಿನ ಎತ್ತರಕ್ಕಿಳಿದರೆ ತೊಟ್ಟಿಯ ಹೊಳಪು ಕಾಣುವುದಿಲ್ಲ, ಅದರ ಚೂಪು ಅಂಚು ಗದ್ದಕ್ಕೆ ತಾಗುತ್ತದೆ. ಹಾಗೇ ಬೊಗಸೆಯೊಡ್ಡಿ ನೋಡಿ. ಒತ್ತಿ ಹಿಡಿದರಷ್ಟೇ ನೀರು ಬಿಡುವ ನಲ್ಲಿಯಾದರೆ ಒಂದು ಕೈ ಅಲ್ಲೇ ಸೆರೆ. ಬೊಗಸೆಗೆ ಬೇಕಾದದ್ದು ಎರಡು! ಅದಕ್ಕೇ ಮಕ್ಕಳು ಗೆಳೆಯನಿಗೆ ‘ಒತ್ತೋ’ ಅನ್ನುತ್ತಾರೆ, ಇಲ್ಲವೇ ನಲ್ಲಿಗೇ ಬಾಯಿ ಹಚ್ಚುತ್ತಾರೆ. ಕಾಲಲ್ಲಿ ತುಳಿಯುವ ಪೆಡಲ್ ಇದ್ದರೆ? ನಿಮ್ಮ 30ರಲ್ಲಿ ಅದು ಇರಲಿಕ್ಕಿಲ್ಲ.

‘ಜೈಪುರ ಕಾಲು’ ಎಂಬ ಕೃತಕ ಕಾಲು ಹುಟ್ಟಿದ್ದೂ ಇಂಥದ್ದೇ ಇಕ್ಕಟ್ಟಿನಿಂದ. ಆಗ ಸಿಗುತ್ತಿದ್ದ ಪಾಶ್ಚಾತ್ಯ ಕೃತಕ ಪಾದಗಳು ಶೂ ಹಾಕುವವರಿಗೆ, ಕುರ್ಚಿಯಲ್ಲಿ ಕೂರುವವರಿಗೆ ಮಾಡಿದವು. ಬರಿಗಾಲಲ್ಲಿ ಹೊಲದ ಕೆಸರಿಗಿಳಿಯುವ, ಕುಕ್ಕರಗಾಲಲ್ಲಿ ಕೂರುವ, ಊಟಕ್ಕೆ ಚಕ್ಕಳಮಕ್ಕಳ ಹಾಕುವ ರೈತನಿಗೆ ಅವು ಒಗ್ಗಲಿಲ್ಲ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆತಜ್ಞ ಪಿ.ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಶೂ ಎಂಬುದನ್ನೇ ಲೆಕ್ಕದಿಂದ ತೆಗೆದರು. ಪಾದವನ್ನು ಮರೆಮಾಡುವ ಶೂ ಇಲ್ಲವೆಂದ ಮೇಲೆ ಅದು ನೋಡಲೂ ಪಾದದಂತೆಯೇ ಇರಬೇಕು, ನೀರಿಗೆ ಹಾಳಾಗಬಾರದು, ಎಲ್ಲ ದಿಕ್ಕಿಗೂ ಬಾಗಬೇಕು. ಹೀಗೆ ಬಂತು ರಬ್ಬರ್ ಪಾದ.

ನಿಮ್ಮ ಕಟ್ಟೆಯ ‘ಶೂ’, ಅಂದರೆ ಲೆಕ್ಕದಿಂದ ತೆಗೆಯಬೇಕಾದ ಊಹೆ, ಯಾವುದು? ನನ್ನ ಪ್ರಕಾರ, ಅದನ್ನು ‘ಕುಡಿಯುವ ನೀರಿನ ಕಟ್ಟೆ’ ಅಂತ ಕರೆದಿರುವುದೇ. ಬಿಸಿಯೂಟ ಮುಗಿದ ಮೇಲೆ ಅಲ್ಲೇ ಮಕ್ಕಳು ತಟ್ಟೆ ತೊಳೆಯುತ್ತಾರೆ. ಅನ್ನದಗುಳು ಜಾಲರಿಗೆ ಕೂತು ನೀರು ನಿಲ್ಲುತ್ತದೆ, ಅದನ್ನು ಕೈಯಿಂದ ಬಳಿದು ತೆಗೆಯುವ ಅಕ್ಕನನ್ನು ಯಾವ ವಿನ್ಯಾಸಕಾರರೂ ಮಾತಾಡಿಸಿರುವುದಿಲ್ಲ. ಅವರ ಜೊತೆ ಹತ್ತು ನಿಮಿಷ ಕೂತರೆ ಜಾಲರಿ, ಇಳಿಜಾರು, ಪಾಚಿ ಎಲ್ಲದಕ್ಕೂ ಐಡಿಯಾ ಸಿಗುತ್ತದೆ. (ದೃಷ್ಟಿಕೋನ ಬದಲಿಸಲೆಂದು ಆಡಿಸುವ ‘ನೀವೇ ನೀರಾಗಿದ್ದರೆ?’ ಅನ್ನುವ ಕಾರ್ಯಾಗಾರದ ಆಟಗಳು ನನಗೆ ಅಷ್ಟು ಹಿಡಿಸಿಲ್ಲ.)

ನಾಳೆ ಬಿಸಿಯೂಟದ ಬೆಲ್ ಹೊಡೆಯುವ ಹೊತ್ತಿಗೆ ಶಾಲೆಗೆ ಹೋಗಿ. ಒಂದು ತಟ್ಟೆಯೂ ಜೊತೆಗಿರಲಿ.