ತಾಮ್ರದ ಚೊಂಬಿಗೆ ಮ್ಯಾಗ್ನೆಟ್ ಯಾಕೆ ಅಂಟಲ್ಲ?

ಪ್ರಶ್ನೆ: ಸರ್, ಕಬ್ಬಿಣದ ಬಾಣಲೆಗೆ ಮ್ಯಾಗ್ನೆಟ್ ಟಪ್ ಅಂತ ಅಂಟ್ಕೊಳ್ಳುತ್ತೆ, ತಾಮ್ರದ ಚೊಂಬಿಗೆ ಅಂಟಲ್ಲ. ಎರಡೂ ಲೋಹನೇ ಅಲ್ವಾ?

ಉತ್ತರ: ಲೋಹನೇ, ಆದ್ರೆ ಎಲೆಕ್ಟ್ರಾನ್ ಲೆಕ್ಕ ಬೇರೆ. ಲೋಹದಲ್ಲಿ ಹೊರಗಿನ ಎಲೆಕ್ಟ್ರಾನ್‌ಗಳು ಎಲ್ಲಾ ಕಡೆ ಓಡಾಡ್ಕೊಂಡು ಬಂಧ ಕಟ್ತವೆ, ಕಬ್ಬಿಣದಲ್ಲಿ ಒಳಗಿನ 3ಡಿ ಅನ್ನೋ ಕಕ್ಷಕದ (ಎಲೆಕ್ಟ್ರಾನ್ ಇರೋ ಜಾಗ, 10 ಹಿಡಿಯುತ್ತೆ) ಎಲೆಕ್ಟ್ರಾನ್‌ಗಳು ಅರ್ಧಂಬರ್ಧ ಮಾತ್ರ ಬಂಧಕ್ಕೆ ಸೇರ್ತವೆ, ಜೋಡಿ ಸಿಗದೆ ಉಳಿದವು ಪಕ್ಕದ ಪರಮಾಣುಗಳ ಜೊತೆ ಒಂದೇ ದಿಕ್ಕಿಗೆ ಸ್ಪಿನ್ (ಎಲೆಕ್ಟ್ರಾನ್‌ನ ಪುಟ್ಟ ಮ್ಯಾಗ್ನೆಟ್ ಗುಣ) ಇಟ್ಕೊಳ್ತವೆ, ಅದೇ ಮ್ಯಾಗ್ನೆಟಿಸಂ. ತಾಮ್ರದಲ್ಲಿ 3ಡಿ 10ಕ್ಕೆ 10 ಭರ್ತಿ, ಎಲ್ಲಾ ಜೋಡಿ, ಜೋಡಿಯಲ್ಲಿ ಒಂದರ ಸ್ಪಿನ್ ಇನ್ನೊಂದನ್ನ ಕ್ಯಾನ್ಸಲ್ ಮಾಡುತ್ತೆ, ಅದಕ್ಕೇ ಅಂಟಲ್ಲ. ನಿಜವಾದ ಮಜಾ ಮ್ಯಾಂಗನೀಸ್ ಅನ್ನೋ ಲೋಹದ್ದು. ಬಿಡಿ ಪರಮಾಣುವಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ 5 ಇವೆ, ಗಟ್ಟಿ ಲೋಹ ಆದ್ಮೇಲೆ ಅಕ್ಕಪಕ್ಕದ ಪರಮಾಣುಗಳ ಸ್ಪಿನ್ ಒಂದೇ ದಿಕ್ಕಿಗೆ ನಿಲ್ಲಲ್ಲ, ಒಟ್ಟಾರೆ ಕ್ಯಾನ್ಸಲ್! ಅದನ್ನೇ ತಾಮ್ರ, ಅಲ್ಯುಮಿನಿಯಂ ಜೊತೆ ಸರಿಯಾಗಿ ಬೆರೆಸಿದ್ರೆ ಮ್ಯಾಂಗನೀಸ್ ಪರಮಾಣುಗಳ ಅಂತರ ಜಾಸ್ತಿಯಾಗಿ, ಮೂರರಲ್ಲಿ ಒಂದಕ್ಕೂ ಅಂಟದ ಮ್ಯಾಗ್ನೆಟ್ ಮಿಶ್ರಲೋಹಕ್ಕೆ ಅಂಟುತ್ತೆ, 1903ರಲ್ಲೇ ಜರ್ಮನಿಯ ರಸಾಯನತಜ್ಞ ಹ್ಯೂಸ್ಲರ್ ಇದನ್ನ ತೋರಿಸಿದ್ರು.